ಯಂತ್ರಕ್ಕೆ ಸಾಲ ಸಿಗುತ್ತದೆ, ಮೆಣಸಿನಕಾಯಿಗೆ ಸಿಗುವುದಿಲ್ಲ

ಹಾವೇರಿ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಮತ್ತು ವಿದ್ಯುತ್ ಕಂಪನಿ ಹೆಸ್ಕಾಂನ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಖಾರಪುಡಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶಾವಿಗೆ ಮಾಡುವ ಸಣ್ಣ ಘಟಕಗಳಿಗೆ ಪ್ರಾಜೆಕ್ಟ್ ವರದಿ ಬರೆಯುವವರು, ಯಂತ್ರ ಕೂಡಿಸುವವರು, ವೈರಿಂಗ್ ಮಾಡುವವರು, ಲೆಕ್ಕಪತ್ರ ನೋಡುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ಕೆಲಸವೆಲ್ಲ ಬ್ಯಾಡಗಿ, ರಾಣೆಬೆನ್ನೂರು, ಹಾನಗಲ್ಲ, ಹಿರೇಕೆರೂರು, ಸವಣೂರು ಕಡೆಯ ಹಳ್ಳಿಗಳಲ್ಲಿ. ಹಳ್ಳಿಯ ಹುಡುಗರು, ಹೆಣ್ಣುಮಕ್ಕಳು ಉದ್ಯಮಕ್ಕೆ ಮುಂದೆ ಬರುತ್ತಿಲ್ಲ, ಅವರಿಗೆ ಧೈರ್ಯ ಇಲ್ಲ, ತಿಳಿವಳಿಕೆ ಸಾಲದು ಎಂಬ ಮಾತು ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಆ ಮಾತು ಸರಿಯಲ್ಲ. ಮುಂದೆ ಬಂದವರಿಗೆ ಸರ್ಕಾರ ಕೊಡುತ್ತಿರುವುದು ಯಂತ್ರ. ಅವರಿಗೆ ಸಾಲದೇ ಬರುವುದು ಯಂತ್ರಕ್ಕೆ ಹಾಕುವ ಮಾಲು, ಯಂತ್ರ ತಿರುಗಿಸುವ ಕರೆಂಟು, ಯಂತ್ರ ನಿಲ್ಲಿಸುವ ಜಾಗದ ಕಾಗದ. ಹೀಗಾಗಿ ಸಬ್ಸಿಡಿಯಲ್ಲಿ ಬಂದ ಎಷ್ಟೋ ಗಿರಣಿಗಳು ತಾಡಪಾಲು ಹೊದ್ದು ಪಡಸಾಲೆಯಲ್ಲಿ ನಿಂತಿವೆ, ಕಂತು ಮಾತ್ರ ತಪ್ಪದೆ ಓಡುತ್ತಿದೆ.

ಖಾರಪುಡಿಯ ಉದಾಹರಣೆಯಲ್ಲೇ ಹೇಳುತ್ತೇವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಹೆಸರು ದೇಶದ ಹೊರಗೂ ಇದೆ. ಇಷ್ಟು ದೊಡ್ಡ ಮಾರುಕಟ್ಟೆ ಬಾಗಿಲಲ್ಲೇ ಇದ್ದರೂ, ಅಲ್ಲಿಂದ ಏಳೆಂಟು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಒಂದು ಪುಡಿ ಘಟಕ ಮೂರು ವರ್ಷ ಬಾಳುವುದು ಯಾಕೆ ಕಷ್ಟ ಎಂದು ಲೆಕ್ಕ ಹಾಕಿ ನೋಡಿ.

ದಿನಕ್ಕೆ 50 ಕಿಲೋ ಕಾಯಿ ಬೀಸುವ ಘಟಕ ಎಂದಿಟ್ಟುಕೊಳ್ಳಿ. ಇದಕ್ಕಿಂತ ಸಣ್ಣದು ಮಾಡಿದರೆ ಇಬ್ಬರ ಕೂಲಿಯೂ ಹುಟ್ಟುವುದಿಲ್ಲ. ವರ್ಷಕ್ಕೆ 250 ದಿನ ನಡೆದರೆ 125 ಕ್ವಿಂಟಲ್ ಕಾಯಿ ಬೇಕು. ದರ ವರ್ಷ ವರ್ಷ ಏರಿಳಿಯುತ್ತದೆ, ಲೆಕ್ಕಕ್ಕೆಂದು ಕ್ವಿಂಟಲಿಗೆ 20 ಸಾವಿರ ಹಿಡಿಯೋಣ. ಕಾಯಿಗೇ 25 ಲಕ್ಷ ಆಯಿತು. ತೊಟ್ಟು, ದೂಳು, ತೇವ ಕಳೆದು ನೂರು ಕಿಲೋಗೆ 88 ಕಿಲೋ ಪುಡಿ ಬಂದರೆ ವರ್ಷಕ್ಕೆ 11 ಸಾವಿರ ಕಿಲೋ. ಸಗಟು ದರ ಕಿಲೋಗೆ 300 ಎಂದರೆ 33 ಲಕ್ಷದ ವ್ಯಾಪಾರ.

ಬ್ಯಾಂಕು ದುಡಿಯುವ ಬಂಡವಾಳ, ಅಂದರೆ ಮಾಲು ಕೊಳ್ಳುವ ದಿನನಿತ್ಯದ ರೊಕ್ಕ, ಕೊಡುವಾಗ ಅನುಸರಿಸುವ ಸೂತ್ರ ನಿಮಗೆ ಗೊತ್ತಿರುವಂಥದ್ದೇ. ವರ್ಷದ ಅಂದಾಜು ವಹಿವಾಟಿನ ನೂರಕ್ಕೆ 25ರಷ್ಟು ಬಂಡವಾಳ ಬೇಕು, ಅದರಲ್ಲಿ 5 ಉದ್ಯಮಿಯದು, 20 ಬ್ಯಾಂಕಿನದು. ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿ ಹಾಕಿಕೊಟ್ಟ ಲೆಕ್ಕ ಇದು. ಈ ಸೂತ್ರದ ಹಿಂದೆ ಒಂದು ನಂಬಿಕೆ ಇದೆ: ಮಾಲು ಕೊಂಡು, ತಯಾರಿಸಿ, ಮಾರಿ, ರೊಕ್ಕ ಕೈಗೆ ಬರುವುದು ಮೂರು ತಿಂಗಳ ಸುತ್ತು. ನಟ್ಟು ಬೋಲ್ಟು ಮಾಡುವವನಿಗೆ ಅದು ಸರಿ, ಅವನ ಕಬ್ಬಿಣ ಹನ್ನೆರಡು ತಿಂಗಳೂ ಅಂಗಡಿಯಲ್ಲಿ ಸಿಗುತ್ತದೆ. ಮೆಣಸಿನಕಾಯಿ ಸುಗ್ಗಿ ಡಿಸೆಂಬರಿನಲ್ಲಿ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಒಳ್ಳೆಯ ಕಾಯಿ ಬರುವ ನಾಲ್ಕು ತಿಂಗಳಲ್ಲಿ ವರ್ಷದ ಮಾಲು ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕು.

33 ಲಕ್ಷಕ್ಕೆ ನೂರಕ್ಕೆ 20 ಎಂದರೆ 6 ಲಕ್ಷ 60 ಸಾವಿರ. ಅದರಲ್ಲಿ ಬರುವುದು 33 ಕ್ವಿಂಟಲ್, ಅಂದರೆ 66 ದಿನದ ಕೆಲಸ. ಅದನ್ನು ಮಾರಿ ಮತ್ತೆ ಕೊಳ್ಳಬಹುದಲ್ಲ ಎನ್ನುತ್ತಾರೆ. ಮಾರಿದ್ದು ಉದ್ರಿ. ಕಿರಾಣಿ ಅಂಗಡಿಯವರು ಮುಂದಿನ ಮಾಲು ಬಂದಾಗ ಹಿಂದಿನ ಬಾಕಿ ಕೊಡುತ್ತಾರೆ. ಆ ರೊಕ್ಕ ಬರುವ ಹೊತ್ತಿಗೆ ಸುಗ್ಗಿ ಮುಗಿದು, ಕಾಯಿ ವರ್ತಕರ ಸ್ಟೋರೇಜಿಗೆ ಹೋಗಿ, ಬಾಡಿಗೆ ಬಡ್ಡಿ ಸೇರಿಸಿದ ದರಕ್ಕೆ ಹೊರಗೆ ಬರುತ್ತದೆ. ಊರಲ್ಲೇ ಬೆಳೆದ ಕಾಯಿಯನ್ನು ಊರಿನ ಘಟಕವೇ ತುಟ್ಟಿ ದರಕ್ಕೆ ಕೊಳ್ಳಬೇಕು. ಇದು ಮೊದಲನೇ ವರ್ಷದ ಕಥೆ. 6 ಲಕ್ಷವೂ ಸಿಗದವರು ಹೆಚ್ಚು, ಯಾಕೆಂದರೆ ಯಂತ್ರದ ಅವಧಿ ಸಾಲ ಮಂಜೂರಾದ ಮೇಲೆ ದುಡಿಯುವ ಬಂಡವಾಳದ ಅರ್ಜಿಗೆ "ಮೊದಲು ಒಂದು ವರ್ಷ ನಡೆಸಿ ತೋರಿಸ್ರಿ, ಆಮೇಲೆ ನೋಡೋಣು" ಎಂಬ ಉತ್ತರ ಬರುತ್ತದೆ. ಮಾಲಿಲ್ಲದೆ ಏನನ್ನು ನಡೆಸಿ ತೋರಿಸಬೇಕು?

ಆಗ ಹೋಗುವ ದಾರಿ ಒಂದೇ, ವಾರದ ಕಂತಿನ ಕಿರುಸಾಲ. ಖಾರಪುಡಿಯ ರೊಕ್ಕ ಬರುವುದು ತಿಂಗಳಿಗೋ ಎರಡು ತಿಂಗಳಿಗೋ, ಕಂತು ಮಾತ್ರ ವಾರಕ್ಕೊಮ್ಮೆ. ಒಂದರ ಕಂತು ಕಟ್ಟಲು ಇನ್ನೊಂದು ಸಾಲ. ಈ ಸುಳಿ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ, ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು ಎಂಬುದೇ ಸಾಕ್ಷಿ. ವಸೂಲಿಗೆ ಕಡಿವಾಣ ಬಿತ್ತು, ಒಳ್ಳೆಯದೇ. ಆದರೆ ಆ ಸಾಲಕ್ಕೆ ಜನರನ್ನು ದೂಡಿದ ಕೊರತೆ ಹಾಗೇ ಉಳಿದಿದೆ.

ಇದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ, ಹೊಸ ಯೋಜನೆ ಬೇಕಾಗಿಲ್ಲ. ಬೆಳೆಸಾಲಕ್ಕೆ ಪ್ರತಿ ವರ್ಷ ಜಿಲ್ಲಾ ತಾಂತ್ರಿಕ ಸಮಿತಿ ಕೂತು ಯಾವ ಬೆಳೆಗೆ ಎಕರೆಗೆ ಎಷ್ಟು ಎಂದು ಸಾಲದ ಅಳತೆ ಗೊತ್ತು ಮಾಡುತ್ತದೆ. ಶಾಖೆಯ ಮ್ಯಾನೇಜರ್ ಅದನ್ನು ನೋಡಿ ಸಾಲ ಕೊಡುತ್ತಾರೆ, ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ರೀತಿ ಮೆಣಸಿನಕಾಯಿ, ಶೇಂಗಾ, ಜೋಳ ಸಂಸ್ಕರಿಸುವ ಸಣ್ಣ ಘಟಕಕ್ಕೆ ದಿನಕ್ಕೆ ಇಷ್ಟು ಕಿಲೋ ಸಾಮರ್ಥ್ಯವಿದ್ದರೆ ಸುಗ್ಗಿಯಲ್ಲಿ ಇಷ್ಟು ಕ್ವಿಂಟಲ್ ದಾಸ್ತಾನು, ಅದಕ್ಕೆ ಇಷ್ಟು ಮಿತಿ, ಮುಂದಿನ ಸುಗ್ಗಿಯೊಳಗೆ ತೀರುವಳಿ ಎಂದು ಒಂದು ಅಳತೆ ಮಾಡಿಕೊಡಿ. ಇಡೀ ವರ್ಷದ ದಾಸ್ತಾನು ಬೇಡ, ಆರು ತಿಂಗಳದ್ದಾದರೂ ಸಾಕು. ಭದ್ರತೆಗೆ ಆ ಕಾಯಿಯೇ ಇದೆ. ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿಸಿದ ಸ್ಟೋರೇಜಿನಲ್ಲಿ ಮಾಲು ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಬರುತ್ತದೆ, ಅದರ ಮೇಲೆ ಬ್ಯಾಂಕು ಸಾಲ ಕೊಡಬಹುದು. ಚೀಲ ಬಿಡಿಸಿದಷ್ಟು ರೊಕ್ಕ ಕಟ್ಟಿ ಮಾಲು ತೆಗೆದುಕೊಂಡು ಹೋಗುತ್ತಾರೆ. ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜುಗಳಿಗೆ ಬರವಿಲ್ಲ. ಅವುಗಳಲ್ಲಿ ಐದು ಚೀಲ, ಹತ್ತು ಚೀಲ ಇಡುವ ಸಣ್ಣವರಿಗೂ ರಸೀದಿ ಕೊಡುವಂತೆ ಮಾಡುವುದು ನಿಮ್ಮ ಒಂದು ಸಭೆಯ ಕೆಲಸ.

2024ರ ಮಾರ್ಚಿನಲ್ಲಿ ದರ ಕುಸಿದ ದಿನ ಬ್ಯಾಡಗಿ ಮಾರುಕಟ್ಟೆಯಲ್ಲಿ ಸಿಟ್ಟಿಗೆದ್ದ ರೈತರು ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟಿದ್ದನ್ನು ನಾವು ಮತ್ತೆ ಹೇಳಬೇಕಿಲ್ಲ. ದರ ಬಿದ್ದಾಗ ಕೊಳ್ಳುವ ಕೈಗಳು ಊರಿನಲ್ಲೇ ಹೆಚ್ಚಿದ್ದರೆ ರೈತನಿಗೂ ಒಂದಿಷ್ಟು ಆಸರೆ. ಸಣ್ಣ ಘಟಕಗಳು ಇಡೀ ಮಾರುಕಟ್ಟೆಯ ದರ ಎತ್ತಿ ಹಿಡಿಯುತ್ತವೆ ಎಂದು ನಾವು ಹೇಳುವುದಿಲ್ಲ. ಆದರೆ ಅಗ್ಗವಾದ ದಿನ ಕೊಳ್ಳುವ ಶಕ್ತಿ ಇಲ್ಲದ ಸಂಸ್ಕರಣೆ ಉದ್ಯಮದಿಂದ ರೈತನಿಗೂ ಲಾಭವಿಲ್ಲ, ಉದ್ಯಮಿಗೂ ಇಲ್ಲ.

ಇನ್ನು ಯಂತ್ರದ ಮಾತು. ಆಹಾರ ಸಂಸ್ಕರಣೆಯ ಕಿರು ಉದ್ಯಮಗಳಿಗೆ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ನೂರಕ್ಕೆ 35ರಷ್ಟು ಸಬ್ಸಿಡಿ, ನಮ್ಮ ರಾಜ್ಯ ಅದಕ್ಕೆ ಇನ್ನೂ 15 ಸೇರಿಸಿತು, ಮಿತಿ 15 ಲಕ್ಷ. ದೊಡ್ಡ ಮನಸ್ಸಿನ ಯೋಜನೆ, ಒಪ್ಪುತ್ತೇವೆ. ಆದರೆ ಸಬ್ಸಿಡಿ ಲೆಕ್ಕ ಹಾಕುವುದು ಯಂತ್ರದ ಬೆಲೆಯ ಮೇಲೆ. ಬೆಲೆ ಹೆಚ್ಚಿದಷ್ಟೂ ಸಬ್ಸಿಡಿ ಹೆಚ್ಚು. ಹೀಗಾಗಿ ದಿನಕ್ಕೆ 50 ಕಿಲೋ ಬೀಸಲು 3 ಎಚ್‌ಪಿ ಗಿರಣಿ ಸಾಕಾಗುವಲ್ಲಿ ಕೊಟೇಶನ್ನಿನಲ್ಲಿ 10 ಎಚ್‌ಪಿ ಪಲ್ವರೈಸರ್ ಬರುತ್ತದೆ. ಸಬ್ಸಿಡಿ ಕೈಗೆ ಸಿಗುವ ರೊಕ್ಕವೂ ಅಲ್ಲ. ಅದು ಬ್ಯಾಂಕಿನ ಬೇರೆ ಖಾತೆಯಲ್ಲಿ ಮೂರು ವರ್ಷ ಕೂತು, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಮೂರು ವರ್ಷ ಉಳಿಯುವುದಕ್ಕೇ ಸಹಾಯ ಬೇಕಾದವರಿಗೆ ಮೂರು ವರ್ಷ ಉಳಿದ ಮೇಲೆ ಸಹಾಯ.

10 ಎಚ್‌ಪಿ ಮೋಟಾರು ಹಳ್ಳಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಹೆಸ್ಕಾಂ ಅಧಿಕಾರಿಗಳು ದಯವಿಟ್ಟು ಗಮನವಿಟ್ಟು ಓದಬೇಕು. 415 ವೋಲ್ಟಿನಲ್ಲಿ ಅದು ಪೂರ್ತಿ ಹೊರೆ ಹೊತ್ತಾಗ ಸುಮಾರು 14 ಆಂಪಿಯರ್ ಎಳೆಯುತ್ತದೆ. ನೇರ ಸ್ಟಾರ್ಟರಿನಲ್ಲಿ ಶುರು ಮಾಡುವ ಗಳಿಗೆಯಲ್ಲಿ ಆರು ಪಟ್ಟು, ಅಂದರೆ 80 ಆಂಪಿಯರ್ ದಾಟುತ್ತದೆ. 25 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಕೊಡಬಲ್ಲದ್ದೇ ಫೇಸಿಗೆ ಸುಮಾರು 35 ಆಂಪಿಯರ್. ಗಿರಣಿ ಶುರುವಾದಾಗಲೆಲ್ಲ ಓಣಿಯ ದೀಪ ಮಂಕಾಗುತ್ತದೆ, ಜಗಳ ಶುರುವಾಗುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಆ ಎಳೆತ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಕೊಟೇಶನ್ನಿನಲ್ಲಿ ಅದನ್ನು ಸೇರಿಸಿರುವುದಿಲ್ಲ, ಕೇಳಬೇಕೆಂದು ಕೊಳ್ಳುವವರಿಗೂ ಗೊತ್ತಿರುವುದಿಲ್ಲ.

ಶುರುವಾದ ಮೇಲಿನ ತೊಂದರೆ ಇನ್ನೂ ದೊಡ್ಡದು. ಲೈನಿನ ಕೊನೆಯ ಮನೆಯಲ್ಲಿ ಸಂಜೆ 350 ವೋಲ್ಟ್ ಬಂದರೆ ಮೋಟಾರಿನ ತಿರುಗುವ ಬಲ ಆರನೇ ಒಂದು ಪಾಲಲ್ಲ, ನೂರಕ್ಕೆ 30ರಷ್ಟು ಕುಗ್ಗುತ್ತದೆ, ಯಾಕೆಂದರೆ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಕಾಯಿಯಲ್ಲಿ ಸ್ವಲ್ಪ ತೇವ ಇದ್ದರೂ ಬೀಟರಿಗೆ ಮೆತ್ತಿಕೊಂಡು ಜಾಳಿಗೆ ಕಟ್ಟುತ್ತದೆ. ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಓವರ್‌ಲೋಡ್ ರಿಲೇ ಬೀಳುತ್ತದೆ. ಹತ್ತು ಸಲ ಬಿದ್ದ ಮೇಲೆ ಯಾರೋ ಒಬ್ಬರು ರಿಲೇಯ ಮುಳ್ಳನ್ನು 14ರಿಂದ 20ಕ್ಕೆ ತಿರುವುತ್ತಾರೆ. ಗಿರಣಿ ನಿಲ್ಲದೆ ಓಡುತ್ತದೆ, ವೈಂಡಿಂಗಿನ ವಾರ್ನಿಷ್ ವಾಸನೆ ಬರುತ್ತದೆ, ವಾರದೊಳಗೆ ಮೋಟಾರು ಸುಡುತ್ತದೆ. ರಿವೈಂಡಿಂಗಿಗೆ ತಾಲ್ಲೂಕು ಊರಿಗೆ ಹೊತ್ತುಕೊಂಡು ಹೋಗಬೇಕು. ಸುಗ್ಗಿಯಲ್ಲಿ ಅಲ್ಲಿ ಪಂಪ್‌ಸೆಟ್ಟುಗಳ ಸಾಲೇ ಇರುತ್ತದೆ.

ಊರೊಳಗೆ ಜಾಗ ಇಲ್ಲದವರು ಹೊಲದಲ್ಲಿ ಶೆಡ್ ಹಾಕುತ್ತಾರೆ. ಖಾರದ ಘಾಟಿಗೆ ಅದೇ ಒಳ್ಳೆಯದು ಕೂಡ. ಆದರೆ ಹೊಲದಲ್ಲಿರುವುದು ಪಂಪ್‌ಸೆಟ್ಟಿನ ಫೀಡರು, ಮೂರು ಫೇಸ್ 7 ಗಂಟೆ, ಅದೂ ಹಗಲು ರಾತ್ರಿ ಪಾಳಿ. ಊರಿನ ಮನೆಗಳಿಗೆ ದಿನವಿಡೀ ಕರೆಂಟು ಕೊಡುವ ನಿರಂತರ ಜ್ಯೋತಿ ಲೈನು ಊರಿನ ಅಂಚಿಗೆ ನಿಂತಿರುತ್ತದೆ. ಪಂಪ್‌ಸೆಟ್ಟಿನ ಸಂಪರ್ಕದಲ್ಲಿ ಗಿರಣಿ ಓಡಿಸಿದರೆ ವಿದ್ಯುತ್ ಕಾಯ್ದೆಯಡಿ ದಂಡ ಬೀಳುತ್ತದೆ. ಊರಿನ ಲೈನು ಎಳೆಸಲು ಕಂಬ, ತಂತಿ, ಟಿಸಿ ಖರ್ಚು ಅರ್ಜಿದಾರರದ್ದೇ. ಕೆಲವೊಮ್ಮೆ ಈ ಅಂದಾಜುಪಟ್ಟಿ ಗಿರಣಿಯ ಬೆಲೆಯನ್ನೇ ಮೀರುತ್ತದೆ, ಅದು ಕೈಗೆ ಬರುವುದೂ ಗಿರಣಿ ಬಂದಿಳಿದ ಮೇಲೆ. ನಾವು ಕೇಳುವುದು ಬಹಳ ಸಣ್ಣದು. ಸಾಲ ಮಂಜೂರಾಗುವ ಮೊದಲು ಹೆಸ್ಕಾಂ ಶಾಖಾಧಿಕಾರಿ ಆ ಜಾಗಕ್ಕೆ ಹೋಗಿ, ಸಂಜೆ 7 ಗಂಟೆಗೆ ವೋಲ್ಟೇಜ್ ಅಳೆದು, ಯಾವ ಫೀಡರು, ಟಿಸಿಯಲ್ಲಿ ಎಷ್ಟು ಹೊರೆ ಉಳಿದಿದೆ, ಎಷ್ಟು ಎಚ್‌ಪಿವರೆಗೆ ತಡೆಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡಲಿ. ಬ್ಯಾಂಕು ಆ ಹಾಳೆ ಇಲ್ಲದೆ ಯಂತ್ರದ ರೊಕ್ಕ ಬಿಡುಗಡೆ ಮಾಡದಿರಲಿ. ಲೈನು ಎಳೆಯುವ ಖರ್ಚು ಯೋಜನಾ ವೆಚ್ಚದಲ್ಲೇ ಸೇರಲಿ.

ಕಾಗದದ ತೊಡಕು ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇವೆ. ಮನೆ ತೀರಿಹೋದ ಅಜ್ಜನ ಹೆಸರಿನಲ್ಲಿ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ. ಕರೆಂಟು ಬಿಲ್ಲು ಮಾವನ ಹೆಸರಿನಲ್ಲಿ, ಅರ್ಜಿ ಹಾಕುವವಳು ಸೊಸೆ. ಪಂಚಾಯಿತಿಯ ಆಸ್ತಿ ದಾಖಲೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಕ್ಕರೆ ಬ್ಯಾಂಕು ಮುಟ್ಟುತ್ತದೆ, 11ಬಿ ಎಂದರೆ ಕಾಗದ ವಾಪಸು. ಶೆಡ್ ಇರುವುದು ಹೊಲದ ಸರ್ವೆ ನಂಬರಿನಲ್ಲಾದರೆ ಭೂ ಪರಿವರ್ತನೆ ಕೇಳುತ್ತಾರೆ, ಅದಕ್ಕೆ ಮುಂಚೆ ಪೋಡಿ (ಅಳತೆ ಮಾಡಿ ಹಿಸ್ಸೆ ಬೇರೆ ಮಾಡುವುದು), ಅದಕ್ಕೆ ಮುಂಚೆ ಅಣ್ಣತಮ್ಮಂದಿರ ಒಪ್ಪಿಗೆ. 10 ಲಕ್ಷದವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಅಡಮಾನ ಕೇಳಕೂಡದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಸುತ್ತೋಲೆ ಹೊರಡಿಸಿತ್ತು. ಕೌಂಟರಿನಲ್ಲಿ ಮಾತ್ರ ಇವತ್ತಿಗೂ ಮೊದಲ ಪ್ರಶ್ನೆ "ಉತಾರ (ಆಸ್ತಿ ಪತ್ರ) ಯಾರ ಹೆಸರಿನ್ಯಾಗ ಐತಿ?" ಎಂಬುದೇ. ಅಡಮಾನದ ಕಾರಣಕ್ಕೆ ಅರ್ಜಿ ತಿರಸ್ಕರಿಸಿದರೆ ಆ ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಬ್ಯಾಂಕರುಗಳ ಸಭೆಯಲ್ಲಿ ಒಂದು ಸಾಲಿನ ಸೂಚನೆ ಹೊರಡಿಸಿ. ಬರೆದುಕೊಡಬೇಕಾದಾಗ ಅರ್ಧದಷ್ಟು ತಿರಸ್ಕಾರಗಳು ತಾವಾಗಿಯೇ ನಿಲ್ಲುತ್ತವೆ ಎಂಬುದು ನಮ್ಮ ಅನಿಸಿಕೆ.

ಇನ್ನೊಂದು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಆಧಾರ್ ಮತ್ತು ಪ್ಯಾನ್ ಇದ್ದರೆ ಅರ್ಧ ಗಂಟೆಯ ಕೆಲಸ. ಇದಕ್ಕೂ ರೊಕ್ಕ ಕಿತ್ತುಕೊಳ್ಳುವ ಏಜೆಂಟರಿದ್ದಾರೆ. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ "ಉಚಿತ" ಎಂದು ಒಂದು ಬೋರ್ಡು ಬರೆಸಿದರೆ ಸಾಕು.

ಮಾಲು ತಯಾರಾಗಿ ಪರೀಕ್ಷೆಯಲ್ಲಿ ಬೀಳುವುದು ಎಲ್ಲಕ್ಕಿಂತ ಹೆಚ್ಚು ನೋವಿನ ಸಂಗತಿ. ಖಾರಪುಡಿಗೆ ಆಹಾರ ಸುರಕ್ಷತಾ ನಿಯಮದಲ್ಲಿ ತೇವಾಂಶ ನೂರಕ್ಕೆ 11 ಮೀರಬಾರದು, ಆಮ್ಲದಲ್ಲಿ ಕರಗದ ಬೂದಿ 1.3 ಮೀರಬಾರದು. ಈ ಎರಡನೆಯದು ಏನೆಂದು ತರಬೇತಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಅದು ಮಣ್ಣು, ಮರಳು. ಕಾಯಿಯನ್ನು ಬರಿ ನೆಲದ ಮೇಲೋ ರಸ್ತೆಯ ಬದಿಗೋ ಒಣಗಿಸಿದರೆ ಸುಕ್ಕಿನ ಸಂದಿಯಲ್ಲಿ ದೂಳು ಕೂರುತ್ತದೆ, ಬೀಸಿದ ಮೇಲೆ ಯಾವ ಜರಡಿಗೂ ಅದು ಸಿಗುವುದಿಲ್ಲ. ತಾಡಪಾಲಿನ ಮೇಲೋ ಕಾಂಕ್ರೀಟ್ ಕಣದಲ್ಲೋ ಒಣಗಿಸಬೇಕು, ಬೀಸುವ ಮೊದಲು ತೊಟ್ಟು ಬಿಡಿಸಿ, ಜಾಲರಿ ಡ್ರಮ್ಮಿನಲ್ಲಿ ತಿರುವಿ ದೂಳು ಉದುರಿಸಬೇಕು. ಕಾಯಿಯನ್ನು ಮುರಿದಾಗ ಪಟ್ಟನೆ ಸದ್ದು ಬಂದು, ಒಳಗಿನ ಬೀಜ ಗಲಗಲ ಅನ್ನಬೇಕು. ಬಾಗಿದರೆ ಇನ್ನೂ ಒಂದು ಬಿಸಿಲು ಬೇಕು. ಬೀಸಿದ ಪುಡಿ ಕೈಗೆ ಬಿಸಿ ತಾಕುತ್ತದೆ. ಬಿಸಿಯಿದ್ದಾಗಲೇ ಪಾಕೀಟು ತುಂಬಿ ಸೀಲ್ ಮಾಡಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ, ಬೂಸು ಹಿಡಿಯುತ್ತದೆ. ತೆಳ್ಳಗೆ ಹರವಿ ಪೂರ್ತಿ ಆರಿದ ಮೇಲೇ ತುಂಬಬೇಕು. ಒಂದೇ ಸಲಕ್ಕೆ ನುಣ್ಣಗೆ ಬೀಸಲು ಹೋದರೆ ಶಾಖಕ್ಕೆ ಬಣ್ಣ ಹೋಗುತ್ತದೆ, ಬ್ಯಾಡಗಿ ಕಾಯಿಯ ಬೆಲೆ ಇರುವುದೇ ಬಣ್ಣದಲ್ಲಿ. ಮೊದಲು ದಪ್ಪ ಜಾಳಿಗೆ, ಆಮೇಲೆ ಸಣ್ಣ ಜಾಳಿಗೆ, ನಡುವೆ ಆರಲು ಬಿಡುವುದು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇಷ್ಟು ಹತ್ತಿರ ಇರುವಾಗ ಇದನ್ನು ಎರಡು ದಿನ ಕೈಯಾರೆ ಮಾಡಿಸಿ ಕಲಿಸುವುದು ಕಷ್ಟವಲ್ಲ. ಈಗಿನ ತರಬೇತಿಯಲ್ಲಿ ಯಶಸ್ಸಿನ ಭಾಷಣ ಹೆಚ್ಚು, ಜಾಳಿಗೆಯ ಮಾತು ಕಡಿಮೆ.

ಪಾಕೀಟಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ಮೊದಲ ವರ್ಷ ಬಣ್ಣಬಣ್ಣದ ಮುದ್ರಿತ ಪೌಚ್ ಮಾಡಿಸಬಾರದು. ಒಂದೊಂದು ಬಣ್ಣಕ್ಕೆ ಒಂದೊಂದು ಮುದ್ರಣ ಸಿಲಿಂಡರಿನ ಖರ್ಚು, ಮೇಲೆ ಕನಿಷ್ಠ ಇಷ್ಟು ನೂರು ಕಿಲೋ ಎಂಬ ಷರತ್ತು. ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು, ಗ್ರಾಹಕರ ದೂರಿಗೆ ಫೋನ್ ನಂಬರು, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ, ಇದರಲ್ಲಿ ಒಂದು ತಪ್ಪಿದರೂ ಅಷ್ಟೂ ಪೌಚು ತಿಪ್ಪೆಗೆ. ಸಾದಾ ಪೌಚಿಗೆ ಸ್ಟಿಕರ್ ಹಚ್ಚಿದರೆ ತಪ್ಪಾದಾಗ ಸ್ಟಿಕರಿನಷ್ಟೇ ನಷ್ಟ. ತಾಲ್ಲೂಕಿಗೆ ಒಬ್ಬರು ಲೇಬಲ್ ನೋಡಿ ಸರಿ ತಪ್ಪು ಹೇಳುವವರನ್ನು ನೇಮಿಸಿದರೂ ದೊಡ್ಡ ಉಪಕಾರ. ಹಾಗೆಯೇ "ಬ್ಯಾಡಗಿ" ಎಂಬ ಸೂಚಕವನ್ನು ಕಾನೂನುಬದ್ಧವಾಗಿ ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಈ ಅರ್ಜಿಯನ್ನೂ ಅವರೇ ತುಂಬಿಸಿಕೊಡಲಿ.

ಹುಬ್ಬಳ್ಳಿ ದಾಟಿದರೆ ಗೋವಾ, ಬೆಳಗಾವಿ ದಾಟಿದರೆ ಕೊಲ್ಹಾಪುರ. ನಮ್ಮ ಮಾಲಿಗೆ ಹತ್ತಿರದ ದೊಡ್ಡ ಪೇಟೆಗಳು ಗಡಿಯಾಚೆ ಇವೆ. ರಾಜ್ಯದೊಳಗೆ ಮಾರುವವರಿಗೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ಖಾರಪುಡಿಯ ಒಂದೇ ಒಂದು ಪೆಟ್ಟಿಗೆ ಗೋವಾದ ಅಂಗಡಿಗೆ ಹೋದರೂ ನೋಂದಣಿ ಕಡ್ಡಾಯ, ಸಣ್ಣವರು ವಹಿವಾಟಿನ ಮೇಲೆ ಸರಳವಾಗಿ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯೂ ಸಿಗುವುದಿಲ್ಲ. ಕಾಯ್ದೆ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಹತ್ತಿಪ್ಪತ್ತು ಘಟಕಗಳ ಮಾಲನ್ನು ಒಂದೇ ನೋಂದಣಿಯಡಿ ಕೊಂಡು ಹೊರಗೆ ಕಳಿಸುವ ಕೆಲಸವನ್ನು ಮಹಿಳಾ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟವೋ ರೈತ ಉತ್ಪಾದಕ ಕಂಪನಿಯೋ ಮಾಡಬಹುದು. ಅದಕ್ಕೆ ಒಬ್ಬ ಲೆಕ್ಕಿಗನ ಪಗಾರ ಕೊಡುವುದು ನಿಮ್ಮಿಂದ ಆಗುತ್ತದೆ.

ಕೇಂದ್ರದ ವ್ಯಾಖ್ಯೆಯಲ್ಲಿ 2025ರ ಏಪ್ರಿಲಿನಿಂದ ಎರಡೂವರೆ ಕೋಟಿ ಹೂಡಿಕೆ, ಹತ್ತು ಕೋಟಿ ವಹಿವಾಟಿನವರೆಗೆ ಎಲ್ಲವೂ ಅತಿ ಸಣ್ಣ ಉದ್ಯಮವೇ. ಮೂರು ಒಲೆ ಹೂಡಿ ರೊಟ್ಟಿ ಬಡಿಯುವ ಗುಂಪೂ ಅದೇ ಸಾಲಿನಲ್ಲಿ, ಎರಡು ಕೋಟಿಯ ಕಾರ್ಖಾನೆಯೂ ಅದೇ ಸಾಲಿನಲ್ಲಿ. ಬ್ಯಾಂಕಿನ ಗುರಿ ಲೆಕ್ಕದಲ್ಲಿ ಎರಡೂ ಒಂದೇ ಆದಾಗ ಸಾಲ ಯಾರ ಕಡೆ ಹರಿಯುತ್ತದೆ ಎಂಬುದು ಸ್ಪಷ್ಟ. ಆದ್ದರಿಂದ ಜಿಲ್ಲಾ ಬ್ಯಾಂಕರುಗಳ ಸಭೆಯ ವರದಿಯಲ್ಲಿ 10 ಲಕ್ಷದೊಳಗಿನ ತಯಾರಿಕಾ ಘಟಕಗಳ ಲೆಕ್ಕವನ್ನು ಬೇರೆ ಅಂಕಣದಲ್ಲಿ ಕೇಳಿ: ಎಷ್ಟು ಅರ್ಜಿ, ಎಷ್ಟು ಮಂಜೂರು, ಅವುಗಳಲ್ಲಿ ಎಷ್ಟಕ್ಕೆ ದುಡಿಯುವ ಬಂಡವಾಳ, ಎರಡು ವರ್ಷದ ಮೇಲೆ ಎಷ್ಟು ಗಿರಣಿಗಳ ಮೀಟರು ಇನ್ನೂ ತಿರುಗುತ್ತಿದೆ. ಕೊನೆಯ ಅಂಕಿ ಹೆಸ್ಕಾಂ ಬಳಿ ಈಗಲೇ ಇದೆ.

ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ. ಸುಗ್ಗಿಯ ಹೊತ್ತಿಗೆ ಕೈಯಲ್ಲಿ ರೊಕ್ಕ ಇರಬೇಕು, ಅದು ಸಾಹುಕಾರನ ಬಡ್ಡಿಯದಾಗಿರಬಾರದು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಹಳ್ಳಿಯ ಸೊಸೈಟಿಗಳಲ್ಲಿ ಖಾಲಿ ಇರುವ ಗೋದಾಮುಗಳಿವೆ, ಹಲವು ಊರೊಳಗೇ, ನಿರಂತರ ಜ್ಯೋತಿ ಲೈನಿನ ಪಕ್ಕದಲ್ಲೇ ಇವೆ. ತಾಲ್ಲೂಕಿಗೆ ಎರಡನ್ನು ಆರಿಸಿ, 63 ಕೆವಿಎ ಟಿಸಿ ಹಾಕಿ, ಕಾಂಕ್ರೀಟ್ ಕಣ ಮಾಡಿಸಿ, ನಾಲ್ಕು ಘಟಕಗಳಿಗೆ ಬಾಡಿಗೆಗೆ ಕೊಡಿ. ಬಾಡಿಗೆ ಕರಾರೇ ವಿಳಾಸದ ಪುರಾವೆ ಆಗುತ್ತದೆ, ಉತಾರದ ಪ್ರಶ್ನೆ ಏಳುವುದಿಲ್ಲ.

ಹೊಸ ಕಾಯಿ ಡಿಸೆಂಬರಿನಲ್ಲಿ ಬ್ಯಾಡಗಿಗೆ ಬರುತ್ತದೆ. ದಾಸ್ತಾನು ಸಾಲದ ಅಳತೆಯನ್ನು ಅಕ್ಟೋಬರ್ ಸಭೆಯಲ್ಲಿ ಗೊತ್ತು ಮಾಡಿ, ನವೆಂಬರ್ ಕೊನೆಯೊಳಗೆ ಶಾಖೆಗಳಿಗೆ ಸುತ್ತೋಲೆ ಮುಟ್ಟಿಸಿ. ಜನವರಿಯಲ್ಲಿ ಹೊರಟ ಸುತ್ತೋಲೆ ಆ ವರ್ಷದ ಮೆಣಸಿನಕಾಯಿಗೆ ಉಪಯೋಗಕ್ಕೆ ಬರುವುದಿಲ್ಲ.

ಇಂತಿ,
ಹಾವೇರಿ ಜಿಲ್ಲೆಯ ಸಣ್ಣ ಆಹಾರ ಘಟಕಗಳಿಗೆ ಯಂತ್ರ, ವಿದ್ಯುತ್ ಮತ್ತು ಲೆಕ್ಕಪತ್ರದ ಕೆಲಸ ಮಾಡುವವರು